ಬೆಳಿಗ್ಗೆ ಒಂಬತ್ತಕ್ಕೇ ನಡುರಾತ್ರಿ!

ನಡುರಾತ್ರಿ ಹನ್ನೆರಡು ಗಂಟೆ ಬೆಳಿಗ್ಗೆ ಒಂಬತ್ತಕ್ಕೆ ಹೊಡೆದರೆ ಹೇಗಿರುತ್ತೆ? ತಮಾಷೆ ಅಲ್ಲ ಸ್ವಾಮಿ. ಅಮೆರಿಕದ ಕ್ಯಾಲಿಫೋರ್ನಿಯಾ ರಾಜ್ಯದಲ್ಲಿ ಸಂಸಾರ ಹೂಡಿರುವ ವಿಯೆಟ್ನಾಮಿನ ತಾಯಂದಿರಿಗೆ ವರ್ಷ ವರ್ಷವೂ ಇದೇ ಪಾಡು.

ವಿಯೆಟ್ನಾಮಿನವರ ಚಾಂದ್ರಮಾನ ಹೊಸ ವರ್ಷಕ್ಕೆ ತೆತ್ ಎಂದು ಹೆಸರು. ನಮ್ಮ ಯುಗಾದಿ ಇದ್ದ ಹಾಗೆ. ಚಂದ್ರನ ಲೆಕ್ಕ, ಮಧ್ಯೆ ಅಧಿಕ ಮಾಸ, ಎಲ್ಲಾ ಉಂಟು. ಆದರೆ ಅವರದ್ದು ನಮಗಿಂತ ಮುಂಚೆ, ಜನವರಿ ಕೊನೆಗೋ ಫೆಬ್ರವರಿಯಲ್ಲೋ ಬಂದುಬಿಡುತ್ತೆ. 2025ರಲ್ಲಿ ಬಂದದ್ದು ಜನವರಿ 29ರ ಬುಧವಾರ. ವಿಯೆಟ್ನಾಮಿನ ಗಡಿಯಾರ ಆಗ ಕ್ಯಾಲಿಫೋರ್ನಿಯಾಕ್ಕಿಂತ 15 ಗಂಟೆ ಮುಂದೆ. ಹಳೇ ಸೈಗಾನ್, ಅಂದರೆ ಈಗಿನ ಹೋ ಚಿ ಮಿನ್ ನಗರದಲ್ಲಿ ಹೊಸ ವರ್ಷ ಹೊಸ್ತಿಲು ದಾಟಿದಾಗ ಕ್ಯಾಲಿಫೋರ್ನಿಯಾದಲ್ಲಿ ಇನ್ನೂ ಮಂಗಳವಾರ ಬೆಳಿಗ್ಗೆ ಒಂಬತ್ತು. ಅಂಗಡಿ ಬಾಗಿಲು ತೆಗೆಯೋ ಹೊತ್ತು.

ಎದುರಿಗೆ ಗಿರಾಕಿ, ಮನಸ್ಸು ಊರಲ್ಲಿ

ಆ ರಾಜ್ಯದಲ್ಲಿ ಉಗುರಿಗೆ ಬಣ್ಣ ಹಚ್ಚುವ ಸಲೂನುಗಳಲ್ಲಿ ದುಡಿಯುವ ವಿಯೆಟ್ನಾಮಿ ಹೆಂಗಸರು ಬಹಳ. ಅಂಥ ಒಬ್ಬ ತಾಯಿಯನ್ನು ಲೆಕ್ಕಕ್ಕೆ ತಗೊಳ್ಳಿ. ಮಕ್ಕಳು ಸ್ಕೂಲಿಗೆ ಹೋಗಿವೆ. ಎದುರಿಗೆ ಗಿರಾಕಿ ಕೈ ಚಾಚಿ ಕೂತಿದ್ದಾಳೆ. ಅದೇ ಗಳಿಗೆಯಲ್ಲಿ ಸಮುದ್ರದಾಚೆ ಅವಳ ಹೆತ್ತಮ್ಮ ಹಿರಿಯರ ಪಟದ ಮುಂದೆ ಊದುಬತ್ತಿ ಹಚ್ಚಿ ನಿಂತಿದ್ದಾಳೆ. ಫೋನು ಬಡಿದುಕೊಂಡರೂ ಎತ್ತುವ ಹಾಗಿಲ್ಲ. ಕೈ ಖಾಲಿ ಇಲ್ಲ.

ರಜ ಹಾಕಬಾರದೇ ಅಂತೀರಾ? ಕ್ಯಾಲಿಫೋರ್ನಿಯಾ ಸರ್ಕಾರ 2022ರಲ್ಲಿ ಕಾನೂನು ಮಾಡಿ ಚಾಂದ್ರಮಾನ ಹೊಸ ವರ್ಷವನ್ನು ರಜೆಗಳ ಪಟ್ಟಿಗೆ ಸೇರಿಸಿತು, ನಿಜ. ಆದರೆ ಕಚೇರಿಗಳಿಗೆ ಬೀಗ ಬೀಳುವ ರಜೆ ಅಲ್ಲ ಅದು. ಸರ್ಕಾರಿ ನೌಕರನಿಗೆ ಬೇಕಾದರೆ ತೆಗೆದುಕೊಳ್ಳಬಹುದು, ಅಷ್ಟೆ. ಸಲೂನಿನವಳಿಗೆ ಆ ಭಾಗ್ಯ ಎಲ್ಲಿಂದ ಬಂತು? ಕೂತರೆ ದುಡಿಮೆ ಇಲ್ಲ.

ಅಲ್ಲೂ ಇದೆ ಬೋಣಿ

ಊರಲ್ಲಿ ಆಗಿದ್ದರೆ ಕತೆಯೇ ಬೇರೆ. ತೆತ್ ಹತ್ತಿರ ಬಂತೆಂದರೆ ಸೈಗಾನಿನ ಬಸ್ ಸ್ಟ್ಯಾಂಡಿನಲ್ಲಿ ಕಾಲಿಡಲು ಜಾಗ ಇರೋದಿಲ್ಲ. ದುಡಿಯಲು ಬಂದವರೆಲ್ಲ ಗಂಟುಮೂಟೆ ಹೊತ್ತು ಹುಟ್ಟೂರಿಗೆ ಹೊರಡುತ್ತಾರೆ. ದಸರಾ ರಜೆಯಲ್ಲಿ ನಮ್ಮ ಬಸ್ಸುಗಳು ಹೇಗೋ ಹಾಗೆ. ಸಾಲ ಸೋಲ ಹಬ್ಬದೊಳಗೆ ತೀರಿಸಬೇಕು. ಮನೆ ಗುಡಿಸುವುದೂ ಮುಂಚೆಯೇ ಮುಗಿಯಬೇಕು, ಏಕೆಂದರೆ ಮೊದಲ ದಿನ ಪೊರಕೆ ಮುಟ್ಟಿದರೆ ಮನೆಯ ಅದೃಷ್ಟವೂ ಕಸದ ಜೊತೆ ಆಚೆ ಹೋಗುತ್ತಂತೆ.

ವರ್ಷದಲ್ಲಿ ಮನೆಗೆ ಮೊದಲು ಕಾಲಿಡುವವರು ಯಾರು ಎಂಬುದು ಅವರಿಗೆ ದೊಡ್ಡ ವಿಚಾರ. ಒಳ್ಳೇ ಕಾಲ್ಗುಣದವರನ್ನು ಮುಂಚೆಯೇ ಹೇಳಿ ಕರೆಸುವುದುಂಟು. ಅಂಗಡಿಯವರೂ ಬಾಗಿಲು ತೆರೆದ ಮೇಲೆ ಮೊದಲ ಗಿರಾಕಿಯ ಮುಖ ನೋಡುತ್ತಾರೆ. ಚೌಕಾಸಿ ಮಾಡಿ ಬರಿಗೈಲಿ ಹೋದನೋ, ವರ್ಷವೆಲ್ಲ ವ್ಯಾಪಾರ ಹಾಳು. ನಮ್ಮ ಬೋಣಿಯೇ ಅಲ್ಲವೇ ಇದು?

ದಕ್ಷಿಣದವರು ಹಿರಿಯರ ಮುಂದೆ ಇಡುವ ಹಣ್ಣಿನ ತಟ್ಟೆ ಇನ್ನೂ ಸ್ವಾರಸ್ಯ. ಸೀತಾಫಲ, ತೆಂಗಿನಕಾಯಿ, ಪರಂಗಿ, ಮಾವು. ಅವರ ನುಡಿಯಲ್ಲಿ ಈ ಹೆಸರುಗಳನ್ನು ಸಾಲಾಗಿ ಹೇಳಿದರೆ "ಖರ್ಚಿಗೆ ಸಾಕಾಗುವಷ್ಟು ಕೊಡಪ್ಪಾ" ಎಂಬ ಬೇಡಿಕೆಯಂತೆ ಕೇಳುತ್ತೆ. ಕೋಟಿ ಬೇಡ, ಖರ್ಚಿಗೆ ಸಾಕು. ಬಾಳೆಹಣ್ಣು ಮಾತ್ರ ದಕ್ಷಿಣದಲ್ಲಿ ಇಡುವುದಿಲ್ಲ. ಅದರ ಹೆಸರು "ಕೆಳಗೆ ಬೀಳು" ಎಂದಂತೆ ಕೇಳುತ್ತೆ!

ಪಟಾಕಿ ವಲಸೆ ಹೋಯಿತು

1975ರ ಏಪ್ರಿಲ್ 30ರಂದು ಸೈಗಾನ್ ಬಿದ್ದ ಮೇಲೆ ಲಕ್ಷಾಂತರ ಜನ ದೇಶ ಬಿಟ್ಟರು. ಕ್ಯಾಲಿಫೋರ್ನಿಯಾ ಸೇರಿದವರಲ್ಲಿ ಹಲವರು ವೆಸ್ಟ್‌ಮಿನ್‌ಸ್ಟರ್ ಎಂಬ ಊರಿನ ಬೋಲ್ಸಾ ರಸ್ತೆಯಲ್ಲಿ ಅಂಗಡಿ ಇಟ್ಟರು. 1988ರಲ್ಲಿ ರಾಜ್ಯ ಸರ್ಕಾರವೇ ಆ ಜಾಗಕ್ಕೆ "ಲಿಟ್ಲ್ ಸೈಗಾನ್" ಎಂಬ ಹೆಸರನ್ನು ಒಪ್ಪಿತು. ಹಬ್ಬದ ಮುಂಚೆ ಅಲ್ಲಿ ಹೂವಿನ ಸಂತೆ. ಬಾಳೆಲೆಯಲ್ಲಿ ಕಟ್ಟಿ ಗಂಟೆಗಟ್ಟಲೆ ಬೇಯಿಸಿದ, ಒಳಗೆ ಹೆಸರುಬೇಳೆ ಮತ್ತು ಹಂದಿಮಾಂಸ ತುಂಬಿದ ಅಂಟಕ್ಕಿ ಕಡುಬು ಸಿದ್ಧವಾಗಿಯೇ ಸಿಗುತ್ತೆ. ಮನೆಯಲ್ಲಿ ರಾತ್ರಿಯಿಡೀ ಒಲೆ ಮುಂದೆ ಕೂರುವವರು ಕಡಿಮೆ.

ಒಂದು ವಿಚಿತ್ರ ಕೇಳಿ. ವಿಯೆಟ್ನಾಮ್ ಸರ್ಕಾರ 1995ರ ಜನವರಿಯಿಂದ ಪಟಾಕಿ ನಿಷೇಧಿಸಿತು. ತಾಯ್ನಾಡಿನ ಬೀದಿಗಳಲ್ಲಿ ಅಡಗಿದ ಆ ಪಟಾಕಿ ಸರದ ಸದ್ದು ಈಗ ಬೋಲ್ಸಾ ರಸ್ತೆಯಲ್ಲಿ ಕೇಳುತ್ತೆ.

ಮೊಲವೋ ಬೆಕ್ಕೋ?

ಹೂವು, ಕಡುಬು, ಪಟಾಕಿ ದುಡ್ಡಿಗೆ ಸಿಗುತ್ತವೆ. ಮಕ್ಕಳಿಗೆ ಹಬ್ಬ ಕಲಿಸುವುದು ದುಡ್ಡಿಗೆ ಸಿಗೋದಿಲ್ಲ. 2023ರಲ್ಲಿ ಇಂಥ ಮನೆಗಳ ಮಕ್ಕಳಿಗೆ ಹೊಸ ಪೀಕಲಾಟ. ಸ್ಕೂಲಲ್ಲಿ ಟೀಚರ್ "ಇದು ಚೀನೀ ಹೊಸ ವರ್ಷ, ಮೊಲದ ವರ್ಷ" ಅನ್ನುತ್ತಾರೆ. ಮನೆಗೆ ಬಂದರೆ ಅಮ್ಮ "ಚೀನೀ ಅಲ್ಲ, ತೆತ್, ಮೊಲ ಅಲ್ಲ, ಬೆಕ್ಕು" ಅನ್ನುತ್ತಾಳೆ. ವಿಯೆಟ್ನಾಮಿನ ಹನ್ನೆರಡು ಪ್ರಾಣಿಗಳ ಪಟ್ಟಿಯಲ್ಲಿ ಮೊಲದ ಜಾಗದಲ್ಲಿ ಇರೋದು ಬೆಕ್ಕೇ. ಮಗು ಯಾರನ್ನು ನಂಬಬೇಕು?

ಅವರಲ್ಲೊಂದು ಗಾದೆ ಇದೆ. ಮೊದಲ ದಿನ ಅಪ್ಪನ ಕಡೆಗೆ, ಎರಡನೇ ದಿನ ಅಮ್ಮನ ಕಡೆಗೆ, ಮೂರನೇ ದಿನ ಗುರುಗಳ ಕಡೆಗೆ. ಪರದೇಶದಲ್ಲಿ ಮೂರು ದಿನಕ್ಕೂ ಹೋಗಲು ಮನೆಗಳಿಲ್ಲ. ಊರಲ್ಲಿ ಕೆಂಪು ಲಕೋಟೆಯಲ್ಲಿ ಕಾಸು ಕೊಡಲು ಅಜ್ಜ, ಅತ್ತೆ, ಮಾವ ಎಲ್ಲರೂ ಇದ್ದರು. ಇಲ್ಲಿ ಎಲ್ಲ ಹಿರಿಯರ ಪಾಲೂ ತಾಯಿಯೊಬ್ಬಳ ತಲೆ ಮೇಲೆ. ಅವಳು ಕೈಬಿಟ್ಟರೆ ಆ ಮನೆಯಲ್ಲಿ ಹಬ್ಬ ಅಲ್ಲಿಗೇ ಮುಗೀತು.

ಹಾಗಾಗಿ ಬುಧವಾರ ಬೆಳಿಗ್ಗೆ ಆರೂವರೆಗೇ ಮಕ್ಕಳನ್ನು ಎಬ್ಬಿಸುತ್ತಾಳೆ. ಸೈಗಾನಿನಲ್ಲಿ ಆಗ ಹಬ್ಬದ ದಿನದ ರಾತ್ರಿ ಒಂಬತ್ತೂವರೆ. ಅಕ್ಕಿ ಡಬ್ಬಕ್ಕೆ ಫೋನು ಒರಗಿಸಿ ಮಕ್ಕಳನ್ನು ಎದೆಯ ಮೇಲೆ ಕೈ ಕಟ್ಟಿಸಿ ನಿಲ್ಲಿಸುತ್ತಾಳೆ. "ಅಜ್ಜೀ, ನೂರು ವರ್ಷ ಬಾಳು" ಎಂದು ಅವರ ನುಡಿಯಲ್ಲಿ ಹೇಳಬೇಕು. ದೊಡ್ಡದು ಹೇಳುತ್ತೆ. ಚಿಕ್ಕದು ಅರ್ಧಕ್ಕೆ ತಡವರಿಸಿ ಮಿಕ್ಕದ್ದನ್ನು ಇಂಗ್ಲಿಷಿನಲ್ಲಿ ಮುಗಿಸುತ್ತೆ. ಫೋನಿನಲ್ಲಿ ಅಜ್ಜಿ ಬಿದ್ದು ಬಿದ್ದು ನಗುತ್ತಾಳೆ. ತಾಯಿಗೆ ಗಂಟಲು ಕಟ್ಟುತ್ತೆ. ಆದರೆ ಹಬ್ಬದ ದಿನ ಅಳುವ ಹಾಗಿಲ್ಲ, ಅತ್ತರೆ ವರ್ಷವಿಡೀ ಅಳು. ಅಡುಗೆಮನೆಗೆ ಹೋಗಿ ಮುಖ ತೊಳೆದು ಬಂದು, ಅದೃಷ್ಟದ್ದೆಂದು ಎತ್ತಿಟ್ಟ ಎರಡು ಡಾಲರಿನ ನೋಟುಗಳನ್ನು ಕೆಂಪು ಲಕೋಟೆಯಲ್ಲಿ ಹಾಕಿ ಮಕ್ಕಳ ಕೈಗೆ ಕೊಡುತ್ತಾಳೆ.

ಆಮೇಲೆ ಮಕ್ಕಳು ಸ್ಕೂಲಿಗೆ, ಅವಳು ಸಲೂನಿಗೆ. ಅಲ್ಲಿ ಮೊದಲ ಗಿರಾಕಿ ಯಾರೇ ಬರಲಿ, ಹೇಗೇ ಇರಲಿ, ಅವಳಿಗೆ ಚಿಂತೆಯಿಲ್ಲ. ಅವಳ ಬೋಣಿ ಬೆಳಿಗ್ಗೆ ಮನೆಯಲ್ಲೇ ಆಗಿಹೋಗಿದೆ.