ಹಳ್ಳಿಯ ಜಮೀನಿನಲ್ಲಿ ಶೆಡ್ಡು: ಕಂಬಕ್ಕಿಂತ ಮೊದಲು ಕಾಗದ

ಮಂಡಿ ಬೀದಿಗಳಲ್ಲಿ ಸ್ಥಳದ ಅಭಾವ, ಏರುತ್ತಿರುವ ಬಾಡಿಗೆ, ಹಗಲು ಹೊತ್ತಿನಲ್ಲಿ ಲಾರಿಗಳ ಪ್ರವೇಶಕ್ಕಿರುವ ನಿರ್ಬಂಧ ಮುಂತಾದ ಕಾರಣಗಳಿಂದ ರಾಜ್ಯದ ಅನೇಕ ವರ್ತಕರು ಹಾಗೂ ಸಣ್ಣ ಉದ್ದಿಮೆದಾರರು ಗೋದಾಮು, ಕಾರ್ಯಾಗಾರಗಳನ್ನು ಊರ ಹೊರಗಿನ ಜಮೀನಿಗೆ ಸ್ಥಳಾಂತರಿಸುತ್ತಿದ್ದಾರೆ. ಉಕ್ಕಿನ ಚೌಕಟ್ಟಿನ ಸಿದ್ಧ ಶೆಡ್ಡುಗಳು ಬಂದ ಮೇಲೆ ನಿರ್ಮಾಣದ ಕೆಲಸ ಕೆಲವೇ ತಿಂಗಳುಗಳಲ್ಲಿ ಮುಗಿಯುತ್ತದೆ. ಅನುಮತಿಯ ಕೆಲಸ ಅಷ್ಟು ಬೇಗ ಮುಗಿಯುವುದಿಲ್ಲ. ಆದ್ದರಿಂದ 'ಶೆಡ್ಡು ಮೊದಲು ನಿಲ್ಲಲಿ, ಕಾಗದಪತ್ರ ಆಮೇಲೆ ಸರಿಪಡಿಸಿಕೊಳ್ಳೋಣ' ಎಂಬ ಆಲೋಚನೆ ಸಹಜವಾಗಿ ಹುಟ್ಟುತ್ತದೆ. ಉದ್ಯಮದ ಬಂಡವಾಳ ಸಿಕ್ಕಿಬೀಳುವುದು ಇಲ್ಲಿಯೇ.

ಬಳಕೆಯೇ ನಿರ್ಣಾಯಕ

ಕರ್ನಾಟಕ ಭೂಕಂದಾಯ ಅಧಿನಿಯಮ, 1964ರ 95ನೇ ಪ್ರಕರಣವು ಕೃಷಿ ಜಮೀನಿನ ಅನುಭೋಗದಾರನಿಗೆ ಬೇಸಾಯಕ್ಕೆ ಅನುಕೂಲವಾಗುವ ಕಟ್ಟಡ, ಬಾವಿ ಮುಂತಾದವುಗಳನ್ನು ನಿರ್ಮಿಸಿಕೊಳ್ಳುವ ಹಕ್ಕನ್ನು ನೀಡಿದೆ. ಅದೇ ಜಮೀನನ್ನು ಕೃಷಿಯೇತರ ಉದ್ದೇಶಕ್ಕೆ ಬಳಸಬೇಕಾದರೆ ಸಾಮಾನ್ಯವಾಗಿ ಜಿಲ್ಲಾಧಿಕಾರಿಗಳಿಂದ ಭೂಪರಿವರ್ತನೆಯ ಆದೇಶ ಬೇಕು. ತಿಪಟೂರು ಕಡೆಯ ತೆಂಗು ಬೆಳೆಗಾರನು ತನ್ನ ತೋಟದ ಕಾಯಿಯನ್ನು ಕೊಬ್ಬರಿ ಮಾಡಲು ಅಟ್ಟವಿರುವ ಶೆಡ್ಡನ್ನು ಕಟ್ಟಿದರೆ ಅದು ಬೇಸಾಯದ ಅಂಗವೆನಿಸುತ್ತದೆ. ಅದೇ ಅಳತೆಯ ಶೆಡ್ಡಿನಲ್ಲಿ ವರ್ತಕನು ಹತ್ತಾರು ರೈತರಿಂದ ಖರೀದಿಸಿದ ಕೊಬ್ಬರಿಯನ್ನು ದಾಸ್ತಾನು ಮಾಡಿದರೆ ಅದು ವಾಣಿಜ್ಯ ಬಳಕೆ. ತಗಡು ಒಂದೇ, ಕಂಬ ಒಂದೇ. ಕಾನೂನು ನೋಡುವುದು ಒಳಗೆ ನಡೆಯುವ ವ್ಯವಹಾರವನ್ನು.

ಕೃಷಿಕರಲ್ಲದವರು ಕೃಷಿ ಜಮೀನು ಕೊಳ್ಳುವುದಕ್ಕೆ ಅಡ್ಡಿಯಾಗಿದ್ದ ಭೂಸುಧಾರಣಾ ಅಧಿನಿಯಮದ 79ಎ ಮತ್ತು 79ಬಿ ಪ್ರಕರಣಗಳನ್ನು 2020ರಲ್ಲಿ ಕೈಬಿಡಲಾಯಿತು. ಇದನ್ನು ಕೆಲವರು ತಪ್ಪಾಗಿ ಗ್ರಹಿಸಿದ್ದಾರೆ. ಆ ತಿದ್ದುಪಡಿ ಕೊಳ್ಳುವ ದಾರಿಯನ್ನು ಸುಗಮಗೊಳಿಸಿತೇ ಹೊರತು ಬಳಕೆಯನ್ನು ಬದಲಿಸುವ ಸ್ವಾತಂತ್ರ್ಯವನ್ನು ನೀಡಲಿಲ್ಲ. ಭೂಪರಿವರ್ತನೆಯ ವಿಧಾನವನ್ನು 2022ರಲ್ಲಿ ಹಾಗೂ ಅನಂತರ ಕೆಲವು ವರ್ಗದ ಜಮೀನುಗಳಿಗೆ ಸರಳಗೊಳಿಸಲಾಗಿದೆ. ತಮ್ಮ ಸರ್ವೆ ನಂಬರಿಗೆ ಯಾವ ವಿಧಾನ ಅನ್ವಯಿಸುತ್ತದೆ ಎಂಬುದನ್ನು ಮುಂಗಡ ಕೊಡುವ ಮೊದಲೇ ಖಚಿತಪಡಿಸಿಕೊಳ್ಳುವುದು ಲೇಸು.

ಜಮೀನಿನ ದಾಖಲೆ

ಪಹಣಿ, ಮ್ಯುಟೇಶನ್ ಮತ್ತು ಋಣಭಾರ ಪ್ರಮಾಣಪತ್ರಗಳನ್ನು ಎಲ್ಲರೂ ನೋಡುತ್ತಾರೆ. ಅಷ್ಟಕ್ಕೇ ನಿಲ್ಲಬಾರದು. ಜಮೀನು ಮೂಲತಃ ಸರ್ಕಾರದಿಂದ ಪರಿಶಿಷ್ಟ ಜಾತಿ ಅಥವಾ ಪಂಗಡದವರಿಗೆ ಮಂಜೂರಾಗಿದ್ದರೆ, ಸರ್ಕಾರದ ಪೂರ್ವಾನುಮತಿಯಿಲ್ಲದ ವರ್ಗಾವಣೆಯನ್ನು 1978ರ ಅಧಿನಿಯಮ ಅಸಿಂಧುವೆನ್ನುತ್ತದೆ. ಮರುಸ್ಥಾಪನೆಯ ಅರ್ಜಿಗೆ ಕಾಲಮಿತಿ ಇಲ್ಲವೆಂದು 2023ರ ತಿದ್ದುಪಡಿ ಸ್ಪಷ್ಟಪಡಿಸಿದೆ. ಆದ್ದರಿಂದ ಕ್ರಯಪತ್ರ ಎಷ್ಟೇ ಹಳೆಯದಾಗಿದ್ದರೂ ಮೂಲ ಮಂಜೂರಾತಿ ಕಡತವನ್ನು ನೋಡಲೇಬೇಕು.

'ಬಿ' ಖರಾಬು ದಾರಿ, ಹಳ್ಳ ಮುಂತಾದ ಸಾರ್ವಜನಿಕ ಉಪಯೋಗಕ್ಕೆ ಮೀಸಲು; ಅದರ ಮೇಲೆ ಒಂದು ಅಡಿಯೂ ಕಟ್ಟುವಂತಿಲ್ಲ. ಸರ್ವೆ ನಂಬರಿನ ಒಂದು ಭಾಗವನ್ನಷ್ಟೇ ಕೊಳ್ಳುವುದಾದರೆ 11ಇ ನಕ್ಷೆ ಬೇಕು. ಲಾರಿ ತಿರುಗುವಷ್ಟು ಅಗಲದ ದಾರಿ ಗ್ರಾಮನಕ್ಷೆಯಲ್ಲಿ ಇದೆಯೋ, ಅಥವಾ ನೆರೆಯವರ ಔದಾರ್ಯದಿಂದ ನಡೆದುಬಂದ ಬಂಡಿಜಾಡೋ ಎಂಬುದನ್ನೂ ಪರಿಶೀಲಿಸಬೇಕು.

ಕಚೇರಿಗಳ ಕ್ರಮ

ಮೊದಲನೆಯದಾಗಿ, ಜಮೀನು ಯೋಜನಾ ಪ್ರಾಧಿಕಾರದ ವ್ಯಾಪ್ತಿಯಲ್ಲಿದೆಯೇ ಎಂದು ತಿಳಿಯಬೇಕು. ನಗರ ಮತ್ತು ಗ್ರಾಮಾಂತರ ಯೋಜನಾ ಅಧಿನಿಯಮ, 1961ರ ಪ್ರಕಾರ ಅಲ್ಲಿ ಮಹಾಯೋಜನೆಗೆ ವಿರುದ್ಧವಾದ ಅಭಿವೃದ್ಧಿಗೆ ಅವಕಾಶವಿಲ್ಲ. ಜಮೀನು ಕೃಷಿ ವಲಯದಲ್ಲಿದ್ದರೆ ಭೂಬಳಕೆ ಬದಲಾವಣೆಯ ಪ್ರಶ್ನೆ ಮೊದಲು ಇತ್ಯರ್ಥವಾಗಬೇಕು. ಎರಡನೆಯದು ಭೂಪರಿವರ್ತನೆ. ಅದಾದ ಮೇಲೆ ಪಂಚಾಯಿತಿಯ ಇ-ಸ್ವತ್ತು ತಂತ್ರಾಂಶದಲ್ಲಿ ನಮೂನೆ 9 ಮತ್ತು 11ಎ ಪಡೆಯಬೇಕು.

ಮೂರನೆಯದು ಕಟ್ಟಡ ಪರವಾನಗಿ. ಕರ್ನಾಟಕ ಗ್ರಾಮ ಸ್ವರಾಜ್ ಮತ್ತು ಪಂಚಾಯತ್ ರಾಜ್ ಅಧಿನಿಯಮ, 1993ರ 64ನೇ ಪ್ರಕರಣದಂತೆ ಗ್ರಾಮ ಪಂಚಾಯಿತಿಯ ಲಿಖಿತ ಅನುಮತಿಯಿಲ್ಲದೆ ಕಟ್ಟಡ ನಿರ್ಮಿಸುವಂತಿಲ್ಲ. ವಿದ್ಯುತ್ ಅಥವಾ ಯಂತ್ರಶಕ್ತಿ ಬಳಸುವ ಕಾರ್ಖಾನೆ, ಕಾರ್ಯಾಗಾರಗಳಿಗೆ 66ನೇ ಪ್ರಕರಣದ ಪ್ರತ್ಯೇಕ ಅನುಮತಿ ಬೇಕು. ಸದಸ್ಯರ ಬಾಯಿಮಾತಿನ ಭರವಸೆ ಅಥವಾ ನಿರಾಕ್ಷೇಪಣಾ ಪತ್ರ ಪರವಾನಗಿಗೆ ಸಮನಲ್ಲ. ಹಾಗೆಯೇ ಪಂಚಾಯಿತಿ ಕಂದಾಯ ಕಟ್ಟಿದ ರಸೀದಿಯಿಂದ ಅನಧಿಕೃತ ಕಟ್ಟಡ ಅಧಿಕೃತವಾಗುವುದಿಲ್ಲ. ಪರವಾನಗಿಯ ಸಂದರ್ಭದಲ್ಲಿ ಕಟ್ಟಡ ಕಾರ್ಮಿಕರ ಕಲ್ಯಾಣ ಕರವಾಗಿ ನಿರ್ಮಾಣ ವೆಚ್ಚದ ಶೇ. 1ರಷ್ಟನ್ನು ಪಾವತಿಸಬೇಕಾಗುತ್ತದೆ, ಅಂದಾಜುಪಟ್ಟಿಯಲ್ಲಿ ಇದನ್ನು ಸೇರಿಸಲು ಅನೇಕರು ಮರೆಯುತ್ತಾರೆ.

ತಯಾರಿಕಾ ಘಟಕವಾದರೆ ಮಾಲಿನ್ಯ ನಿಯಂತ್ರಣ ಮಂಡಳಿಯ ಸ್ಥಾಪನಾ ಸಮ್ಮತಿಯನ್ನು, ಬಿಳಿ ವರ್ಗದ ಉದ್ದಿಮೆಗಳನ್ನು ಬಿಟ್ಟು, ನಿರ್ಮಾಣಕ್ಕೆ ಮುನ್ನವೇ ಪಡೆಯಬೇಕು. 2025ರ ನವೆಂಬರ್ 21ರಂದು ಜಾರಿಗೆ ಬಂದ ಔದ್ಯೋಗಿಕ ಸುರಕ್ಷತಾ ಸಂಹಿತೆಯಂತೆ ವಿದ್ಯುತ್ ಬಳಸುವಲ್ಲಿ 20, ಬಳಸದಲ್ಲಿ 40 ಕಾರ್ಮಿಕರಿದ್ದರೆ ಅದು ಕಾರ್ಖಾನೆಯೆನಿಸುತ್ತದೆ. ಹೆದ್ದಾರಿಗೆ ಹೊಂದಿಕೊಂಡ ಜಮೀನಾದರೆ ಕಟ್ಟಡ ರೇಖೆಯನ್ನು ಬಿಟ್ಟು ಕಟ್ಟಬೇಕು. ಪ್ರವೇಶಕ್ಕೆ ಹೆದ್ದಾರಿ ಪ್ರಾಧಿಕಾರದ ಅನುಮತಿಯೂ ಅಗತ್ಯ.

ಇಷ್ಟೊಂದು ಕಚೇರಿಗಳ ಅಲೆದಾಟವನ್ನು ತಗ್ಗಿಸಲು ಕರ್ನಾಟಕ ಕೈಗಾರಿಕೆಗಳ (ಸೌಲಭ್ಯ) ಅಧಿನಿಯಮ, 2002 ಇದೆ. 15 ಕೋಟಿ ರೂಪಾಯಿವರೆಗಿನ ಯೋಜನೆಗಳನ್ನು ಜಿಲ್ಲಾ ಮಟ್ಟದ ಏಕಗವಾಕ್ಷಿ ಸಮಿತಿ ಪರಿಗಣಿಸುತ್ತದೆ; ಜಿಲ್ಲಾ ಕೈಗಾರಿಕಾ ಕೇಂದ್ರದ ಮೂಲಕ ಅರ್ಜಿ ಸಲ್ಲಿಸಬಹುದು. 2020ರ ತಿದ್ದುಪಡಿಯು ತಯಾರಿಕಾ ಉದ್ದಿಮೆಗಳಿಗೆ ಪ್ರಮಾಣಪತ್ರದ ಆಧಾರದ ಮೇಲೆ ಕೆಲಸ ಆರಂಭಿಸುವ ಸೌಲಭ್ಯವನ್ನೂ ಕಲ್ಪಿಸಿದೆ. ಅಲ್ಲಿಯೂ ಅನುಮತಿಗಳು ಮನ್ನಾ ಆಗುವುದಿಲ್ಲ, ಮುಂದಕ್ಕೆ ಹೋಗುತ್ತವೆ ಅಷ್ಟೆ.

ಹಿಂದಿರುಗದ ತೆರಿಗೆ

ಶೆಡ್ಡಿನ ವೆಚ್ಚವನ್ನು ಲೆಕ್ಕ ಹಾಕುವಾಗ ಅತ್ಯಂತ ಸಾಮಾನ್ಯವಾದ ತಪ್ಪು ಜಿ.ಎಸ್.ಟಿ.ಗೆ ಸಂಬಂಧಿಸಿದ್ದು. ಗುತ್ತಿಗೆದಾರರ ಬಿಲ್ಲಿನಲ್ಲಿರುವ ತೆರಿಗೆಯನ್ನು ಹೂಡುವಳಿ ತೆರಿಗೆ ಜಮೆಯಾಗಿ ಪಡೆಯಬಹುದೆಂದು ಅನೇಕರು ಭಾವಿಸಿರುತ್ತಾರೆ. ಸ್ವಂತ ಬಳಕೆಗೆ ನಿರ್ಮಿಸುವ ಸ್ಥಿರಾಸ್ತಿಗೆ ಈ ಜಮೆಯನ್ನು ಕೇಂದ್ರ ಜಿ.ಎಸ್.ಟಿ. ಅಧಿನಿಯಮದ 17(5)ನೇ ಪ್ರಕರಣ ನಿರಾಕರಿಸುತ್ತದೆ. 2024ರ ಅಕ್ಟೋಬರ್‌ನಲ್ಲಿ ಸಫಾರಿ ರಿಟ್ರೀಟ್ಸ್ ಪ್ರಕರಣದ ತೀರ್ಪಿನಲ್ಲಿ ಸರ್ವೋಚ್ಚ ನ್ಯಾಯಾಲಯ ಕಟ್ಟಡವನ್ನೂ 'ಸ್ಥಾವರ'ವೆಂದು ಪರಿಗಣಿಸುವ ಸಾಧ್ಯತೆಯನ್ನು ತೆರೆದಿಟ್ಟಿತ್ತು. 2025ರ ಹಣಕಾಸು ಅಧಿನಿಯಮವು 2017ರ ಜುಲೈ 1ರಿಂದ ಪೂರ್ವಾನ್ವಯವಾಗುವಂತೆ ತಿದ್ದುಪಡಿ ತಂದು ಆ ಬಾಗಿಲನ್ನು ಮುಚ್ಚಿತು.

ಉದಾಹರಣೆಗೆ, 100 ಅಡಿ ಉದ್ದ, 60 ಅಡಿ ಅಗಲದ ಶೆಡ್ಡಿಗೆ ಚದರಡಿಗೆ 1,000 ರೂಪಾಯಿಯಂತೆ 60 ಲಕ್ಷ ರೂಪಾಯಿ ತಗಲುತ್ತದೆ ಎಂದು ಇಟ್ಟುಕೊಳ್ಳೋಣ. ಶೇ. 18ರ ದರದಲ್ಲಿ ತೆರಿಗೆ 10.80 ಲಕ್ಷ. ಈ ಮೊತ್ತ ಹಿಂದಿರುಗುವುದಿಲ್ಲ. ನಿಜವಾದ ವೆಚ್ಚ 70.80 ಲಕ್ಷ. ಇದರ ಮೇಲೆ ಆದಾಯ ತೆರಿಗೆಯಲ್ಲಿ ಶೇ. 10ರಂತೆ 7.08 ಲಕ್ಷ ರೂಪಾಯಿ ಸವಕಳಿ ದೊರೆಯುತ್ತದೆ. ಮೊದಲ ವರ್ಷ 180 ದಿನಗಳಿಗಿಂತ ಕಡಿಮೆ ಬಳಕೆಯಾದರೆ ಅದರ ಅರ್ಧ ಮಾತ್ರ. ಭೂಮಿಯ ಬೆಲೆಗೆ ಸವಕಳಿಯಿಲ್ಲ.

ಯಂತ್ರಗಳಿಗೂ, ಅವುಗಳ ಅಡಿಪಾಯ ಮತ್ತು ಆಧಾರ ಚೌಕಟ್ಟಿಗೂ ಜಮೆ ದೊರೆಯುತ್ತದೆ. ಈ ಕೆಲಸವನ್ನು ಕಟ್ಟಡದ ಬಿಲ್ಲಿನಲ್ಲಿ ಬೆರೆಸದೆ ಪ್ರತ್ಯೇಕ ಬಿಲ್ಲು ಪಡೆಯಬೇಕು. 5 ಲಕ್ಷ ರೂಪಾಯಿಯ ಅಡಿಪಾಯಕ್ಕೆ 90,000 ರೂಪಾಯಿ ಉಳಿಯುವುದು ಸಣ್ಣ ಮಾತಲ್ಲ.

ಮತ್ತೊಂದು ಅಂಶ: ನಿಗದಿತ ದೂರದಾಚೆಯ ಗ್ರಾಮೀಣ ಕೃಷಿ ಭೂಮಿ ಬಂಡವಾಳ ಸ್ವತ್ತಲ್ಲ; ಅದರ ಮಾರಾಟಕ್ಕೆ ಬಂಡವಾಳ ಲಾಭದ ತೆರಿಗೆಯಿಲ್ಲ. ಪರಿವರ್ತನೆಗೊಂಡು ಶೆಡ್ಡು ನಿಂತ ಮೇಲೆ ಆ ವಿನಾಯಿತಿ ಇರುವುದಿಲ್ಲ. ಆದ್ದರಿಂದ ಅಗತ್ಯವಿರುವಷ್ಟು ಗುಂಟೆಗಳನ್ನು ಮಾತ್ರ ಪರಿವರ್ತಿಸಿ, ಉಳಿದುದರಲ್ಲಿ ಬೇಸಾಯ ಮುಂದುವರಿಸುವುದು ವಿವೇಕ.

ಅನುಮತಿಯಿಲ್ಲದ ಶೆಡ್ಡಿನ ಬೆಲೆ

ಅನುಮತಿಯಿಲ್ಲದೆ ಕೃಷಿ ಜಮೀನನ್ನು ಅನ್ಯ ಉದ್ದೇಶಕ್ಕೆ ಬಳಸಿದರೆ ಭೂಕಂದಾಯ ಅಧಿನಿಯಮದ 96ನೇ ಪ್ರಕರಣದಡಿ ದಂಡ ಮತ್ತು ತೆರವು ಎರಡಕ್ಕೂ ಅವಕಾಶವಿದೆ. ಆದರೆ ವರ್ತಕರಿಗೆ ಮೊದಲು ತಟ್ಟುವ ಬಿಸಿ ಬ್ಯಾಂಕಿನದು. ಶೆಡ್ಡಿನ ಆಧಾರದ ಮೇಲೆ ಸಾಲ ಕೇಳಿದಾಗ ಬ್ಯಾಂಕು ಪರಿವರ್ತನಾ ಆದೇಶ, ಅನುಮೋದಿತ ನಕ್ಷೆ, ಪರವಾನಗಿಗಳನ್ನು ಕೇಳುತ್ತದೆ. ಅವಿಲ್ಲದಿದ್ದರೆ 70 ಲಕ್ಷದ ಕಟ್ಟಡ ಆಸ್ತಿ-ಜವಾಬ್ದಾರಿ ಪಟ್ಟಿಯಲ್ಲಿ ಆಸ್ತಿಯಾಗಿ ಕಾಣುತ್ತದೆ, ಆದರೆ ಕಷ್ಟಕಾಲದಲ್ಲಿ ದುಡ್ಡಾಗುವುದಿಲ್ಲ. ದುಡಿಯುವ ಬಂಡವಾಳವನ್ನೇ ಅದರಲ್ಲಿ ಹೂಡಿದ ಸಣ್ಣ ಉದ್ದಿಮೆಗೆ ಇದಕ್ಕಿಂತ ದೊಡ್ಡ ದಂಡ ಬೇರೆ ಬೇಕಿಲ್ಲ.

ಆದುದರಿಂದ ಯೋಜನೆಯ ಅಂದಾಜುಪಟ್ಟಿಯಲ್ಲಿ ಸಿಮೆಂಟು, ಉಕ್ಕಿನ ಜೊತೆಗೆ ಅನುಮತಿಗೆ ಬೇಕಾದ ತಿಂಗಳುಗಳನ್ನೂ, ಆ ಅವಧಿಯ ಬಡ್ಡಿಯನ್ನೂ, ಹಳೆಯ ಗೋದಾಮಿನ ಬಾಡಿಗೆಯನ್ನೂ ಸೇರಿಸಬೇಕು. ಕ್ರಯದ ಕರಾರಿನಲ್ಲಿ ಭೂಪರಿವರ್ತನೆಯಾಗದಿದ್ದರೆ ಮುಂಗಡ ವಾಪಸು ಎಂಬ ಷರತ್ತನ್ನು ಬರೆಸಬೇಕು. ಗುತ್ತಿಗೆದಾರರಿಗೆ ಕೊಡುವ ಮೊದಲ ಕಂತನ್ನು ಪಂಚಾಯಿತಿ ಪರವಾನಗಿ ಕೈಗೆ ಬಂದ ದಿನಾಂಕಕ್ಕೆ ಜೋಡಿಸಬೇಕು.