ಹಳೆಯಡಕೆಯ ಹಿರಿಮೆ

ಇಟಲಿಯ ಬರೋಲೊ ಎಂಬ ಕೆಂಪು ದ್ರಾಕ್ಷಾರಸವು 38 ತಿಂಗಳು ಮಾಗದೆ ಪೇಟೆಗೆ ಬರಬಾರದೆಂಬ ನಿಯಮವುಂಟು. ಎಳೆಯದರ ಒಗರನ್ನು ಕಾಲವೇ ಮೃದುಗೊಳಿಸುವುದು. ಪುತ್ತೂರು, ಸುಳ್ಯ, ಕಡಬಗಳ ಕೃಷಿಕರಾದ ನಮಗೆ ಈ ಮಾತು ಹೊಸದಲ್ಲ. ಹಣ್ಣಡಕೆಯನ್ನು ಅಂಗಳದಲ್ಲಿ ಸುಮಾರು 40 ದಿನ ಒಣಗಿಸಿ, ಸುಲಿದು, ಗೋಣಿಯಲ್ಲಿ ಕಟ್ಟಿಟ್ಟು ಮಳೆಗಾಲವನ್ನು ದಾಟಿಸಿದರೆ ಅದು ಹಳೆ ಚಾಲಿಯೆನಿಸುವುದು. ಹೊಸದಕ್ಕಿಂತ ಸಾಮಾನ್ಯವಾಗಿ ಬೆಲೆಯೂ ಹೆಚ್ಚು. ತೇವ ತಗಲಿದರೆ ಬೂಸ್ಟು ಹಿಡಿದು ಎಲ್ಲವೂ ವ್ಯರ್ಥ. ಅಡಕತ್ತರಿಯಿಂದ ಸೀಳಿದಾಗ ಹುಳುಕಿಲ್ಲದೆ, ಬಿಳಿ-ಕಂದು ಗೆರೆಗಳು ಸ್ಪಷ್ಟವಾಗಿ ಕಾಣಬೇಕು, ಮುಗ್ಗಲು ವಾಸನೆಯಿರಬಾರದು.

ಆದರೆ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗವು 2004ರ ತನ್ನ ಗ್ರಂಥದಲ್ಲಿ ಅಡಕೆಯನ್ನು ಕ್ಯಾನ್ಸರ್‌ಕಾರಕವೆಂದು ಸಾರಿದೆ. ಆದುದರಿಂದ ಕಣ್ಣು ಮೂಗುಗಳಿಂದ ಅಡಕೆಯ ಗುಣವನ್ನರಿಯುವ ವಿದ್ಯೆಯನ್ನು ನಾವು ಮಕ್ಕಳಿಗೆ ಕಲಿಸೋಣ, ಮೆಲ್ಲುವ ಚಟವನ್ನಲ್ಲ.