ಪತ್ರಿಕೆ ಹಂಚಲು ಹೋದವನ ಕೈಗೆ ಬಂದ ಫೋನುಗಳು

ಕಳೆದ ಕಾರ್ತಿಕದಲ್ಲಿ ತಂಗಿಯ ಮದುವೆ ಗೊತ್ತಾಯಿತು. ಎರಡು ವಾರ ರಜೆ ಹಾಕಿ ಬೆಂಗಳೂರಿನಿಂದ ಬೆಟಗೇರಿಗೆ ಬಂದೆ. ಮನೆಯವರು ನನಗೆ ಒಪ್ಪಿಸಿದ ಕೆಲಸ ಒಂದೇ: ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿ ಕಡೆಯ ಬೀಗರಿಗೆಲ್ಲ ಲಗ್ನಪತ್ರಿಕೆ ಕೊಟ್ಟು ಬರುವುದು. ಆದರೆ ಸಾಫ್ಟ್‌ವೇರ್ ಇಂಜಿನಿಯರ್ ಅನ್ನೋ ಹೆಸರು ಅಂಟಿಸಿಕೊಂಡು ಊರಿಗೆ ಹೋಗುವವರಿಗೆಲ್ಲ ಇದು ಗೊತ್ತಿರುತ್ತದೆ. ಚಹಾ ಬರುವುದಕ್ಕಿಂತ ಮುಂಚೆ ಯಾರದೋ ಫೋನು ಕೈಗೆ ಬಂದಿರುತ್ತದೆ. "ಬಂದಾನ ನೋಡ ಇಂಜಿನಿಯರ, ಇದನ್ನಷ್ಟ ನೋಡಿ ಕೊಡಪಾ." ನಾನು ಆಫೀಸಿನಲ್ಲಿ ಬರೆಯುವುದು ಸರ್ವರ್ ಕಡೆಯ ಕೋಡ್. ಪ್ರಿಂಟರ್ ರಿಪೇರಿ ನನಗೂ ಬರುವುದಿಲ್ಲ ಅಂದರೆ ಯಾರೂ ನಂಬುವುದಿಲ್ಲ.

ಮೊದಲ ಕರೆ ಬಂದದ್ದು ಕಾಕಾನ ಅಂಗಡಿಯಿಂದ. ಗದಗಕ್ಕೆ ಮುದ್ರಣ ಕಾಶಿ ಅನ್ನೋ ಹೆಸರಿದೆಯಲ್ಲ, ಆ ಕಾಶಿಯ ಒಂದು ಸಣ್ಣ ಗಲ್ಲಿಯಲ್ಲಿ ನಮ್ಮ ಕಾಕಾ ಕೂತಿದ್ದಾರೆ. ಅಜ್ಜನ ಕಾಲದಲ್ಲಿ ಅಚ್ಚುಮೊಳೆ ಜೋಡಿಸಿ ಪತ್ರಿಕೆ ಮಾಡುತ್ತಿದ್ದ ಜಾಗದಲ್ಲಿ ಈಗ ಒಂದು ಕಂಪ್ಯೂಟರ್, ಒಂದು ಪ್ರಿಂಟರ್. ಡಿಸೈನ್ ಮಾಡಿ ಆಫ್‌ಸೆಟ್‌ನವರಿಗೆ ಕೊಡುವುದು ಅವರ ಕೆಲಸ. ತಂಗಿಯ ಪತ್ರಿಕೆಯೂ ಅಲ್ಲೇ ಆಗಬೇಕಿತ್ತು.

"ತಮ್ಮಾ, ಹ್ಯಾಂಗ್ ಆಗೇತಿ. ಮೂರು ಸಲ ಬಂದ್ ಮಾಡಿ ಚಾಲೂ ಮಾಡೀನಿ. ಮತ್ತ ಅಲ್ಲೇ ನಿಂದ್ರತೈತಿ."

ಕಂಪ್ಯೂಟರ್ ನಿಂತಾಗ ನಾವೆಲ್ಲ ಮಾಡುವ ಮೊದಲ ತಪ್ಪು ಇದೇ. ಸಿಟ್ಟಿನಿಂದ ಪವರ್ ಬಟನ್ ಒತ್ತಿ ಹಿಡಿಯುತ್ತೇವೆ. ಅದಕ್ಕಿಂತ ಮುಂಚೆ ಕೀಬೋರ್ಡಿನ ಕ್ಯಾಪ್ಸ್ ಲಾಕ್ ಒತ್ತಿ ನೋಡಿ. ಅದರ ದೀಪ ಹತ್ತಿ ಆರುತ್ತಿದ್ದರೆ ಒಳಗೆ ಜೀವ ಇದೆ ಅಂತ ಅರ್ಥ, ಎರಡು ನಿಮಿಷ ಕಾಯಬಹುದು. ದೀಪ ಅಲುಗಾಡದೇ ಇದ್ದರೆ ಮಾತ್ರ ಪವರ್ ಬಟನ್. ಪರದೆ ಕಪ್ಪಾಗಿ ನಿಂತಿದ್ದರೆ ವಿಂಡೋಸ್, ಕಂಟ್ರೋಲ್, ಶಿಫ್ಟ್, ಬಿ ನಾಲ್ಕನ್ನೂ ಒಟ್ಟಿಗೆ ಒತ್ತಿದರೆ ಗ್ರಾಫಿಕ್ಸ್ ಡ್ರೈವರ್ ಮಾತ್ರ ಮತ್ತೆ ಶುರುವಾಗುತ್ತದೆ. ತೆರೆದ ಫೈಲುಗಳು ಹಾಗೇ ಇರುತ್ತವೆ.

ಕಾಕಾನ ಕಂಪ್ಯೂಟರಿನ ದೀಪ ಹತ್ತುತ್ತಿತ್ತು. ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಒತ್ತಿ ಟಾಸ್ಕ್ ಮ್ಯಾನೇಜರ್ ತೆರೆಯಲು ಒಂದು ನಿಮಿಷ ಹಿಡಿಯಿತು. ಅಲ್ಲಿ ಪ್ರೊಸೆಸರ್ 9 ಪರ್ಸೆಂಟ್, ಮೆಮೊರಿ ಅರ್ಧ ಖಾಲಿ, ಡಿಸ್ಕ್ ಮಾತ್ರ 100. ಅಂದರೆ ಮಿದುಳು ಸುಮ್ಮನೆ ಕೂತಿದೆ, ಗೋಡೌನಿನಿಂದ ಸಾಮಾನು ಬರಲಿ ಅಂತ ಕಾಯುತ್ತಿದೆ.

ಹಳೆಯ ಹಾರ್ಡ್ ಡಿಸ್ಕಿನೊಳಗೆ ತಟ್ಟೆಯೊಂದು ನಿಮಿಷಕ್ಕೆ 5,400 ಅಥವಾ 7,200 ಸುತ್ತು ತಿರುಗುತ್ತದೆ, ಸಣ್ಣದೊಂದು ಸೂಜಿ ಅದರ ಮೇಲೆ ಓಡಾಡಿ ಓದುತ್ತದೆ. ತಟ್ಟೆಯ ಒಂದು ಜಾಗ ಕೆಟ್ಟರೆ ಡಿಸ್ಕ್ ಕೂಡಲೇ ಸೋಲೊಪ್ಪುವುದಿಲ್ಲ. ಅದನ್ನೇ ಮತ್ತೆ ಮತ್ತೆ ಓದಲು ನೋಡುತ್ತದೆ. ಅಲ್ಲಿಯವರೆಗೆ ವಿಂಡೋಸ್ ಕಾಯುತ್ತದೆ, ಕಾಕಾ ಕಾಯುತ್ತಾರೆ, ಬೀಗರೂ ಕಾಯುತ್ತಾರೆ. ಡಿಸ್ಕಿನ ಆರೋಗ್ಯ ತೋರಿಸುವ ಕ್ರಿಸ್ಟಲ್ ಡಿಸ್ಕ್ ಇನ್ಫೋ ಅನ್ನೋ ಉಚಿತ ಸಾಧನ ಇದೆ. ಅದು ಹಳದಿ ಬಣ್ಣದಲ್ಲಿ ಎಚ್ಚರಿಕೆ ತೋರಿಸಿತು.

ಹಳದಿ ಕಂಡಮೇಲೆ ರಿಪೇರಿಗೆ ಕೈ ಹಾಕಬಾರದು. ಮೊದಲು ನಕಲು. ಡಿಸ್ಕ್ ಚೆಕ್, ಡಿಫ್ರಾಗ್ ಅಂತ ಓಡಿಸಿದರೆ ಸಾಯುತ್ತಿರುವ ಡಿಸ್ಕನ್ನು ಇನ್ನಷ್ಟು ಓಡಿಸಿದಂತೆ. ಹದಿನೈದು ವರ್ಷದ ಪತ್ರಿಕೆಗಳು, ಮಠದ ಜಾತ್ರೆಯ ಹ್ಯಾಂಡ್‌ಬಿಲ್ಲುಗಳು, ಯಾರ್ಯಾರದೋ ಗೃಹಪ್ರವೇಶ ಎಲ್ಲ ಅದರಲ್ಲೇ ಇತ್ತು, ಇನ್ನೊಂದು ನಕಲು ಎಲ್ಲೂ ಇರಲಿಲ್ಲ. ರಾತ್ರಿಯಿಡೀ ಹೊರಗಿನ ಡಿಸ್ಕಿಗೆ ಕಾಪಿ ಮಾಡಿದೆವು. ಬೆಳಿಗ್ಗೆ ನಾಲ್ಕು ಸಾವಿರದೊಳಗೆ ಒಂದು ಎಸ್‌ಎಸ್‌ಡಿ ತಂದು ಹಾಕಿದೆ. ಅದರಲ್ಲಿ ತಿರುಗುವ ತಟ್ಟೆಯೇ ಇಲ್ಲ. ಇಪ್ಪತ್ತು ಸೆಕೆಂಡಿನಲ್ಲಿ ಕಂಪ್ಯೂಟರ್ ಶುರುವಾದಾಗ ಕಾಕಾ, "ಹೊಸದ ತಂದಿಯೇನೋ?" ಅಂದರು.

ಎಲ್ಲ ಹ್ಯಾಂಗಿಗೂ ಡಿಸ್ಕೇ ಕಾರಣ ಅಲ್ಲ. ಅರ್ಧ ಗಂಟೆ ಚೆನ್ನಾಗಿ ನಡೆದು ಆಮೇಲೆ ನಿಲ್ಲುತ್ತಿದ್ದರೆ ಬಿಸಿ ಮೇಲೆ ಅನುಮಾನ ಪಡಿ. ಕಪ್ಪತಗುಡ್ಡದ ಗಾಳಿಯಂತ್ರ ತಿರುಗಿಸುವ ಗಾಳಿಯೇ ನಮ್ಮ ಮನೆಯೊಳಗೂ ಧೂಳು ತರುವುದು, ಫ್ಯಾನಿನ ಬಾಯಿಗೆ ಅದೇ ಕೂತಿರುತ್ತದೆ. ಒಂದೇ ಪ್ರೋಗ್ರಾಮ್ ತೆರೆದಾಗ ಮಾತ್ರ ನಿಂತರೆ ತಪ್ಪು ಆ ಪ್ರೋಗ್ರಾಮಿನದು. ಯಾವಾಗ ಏನು ಕೆಟ್ಟಿತು ಅನ್ನುವುದಕ್ಕೆ ವಿಂಡೋಸ್ ತಾನೇ ಒಂದು ದಿನಚರಿ ಬರೆದಿಡುತ್ತದೆ. ಸ್ಟಾರ್ಟ್‌ನಲ್ಲಿ ರಿಲಯಬಿಲಿಟಿ ಅಂತ ಹುಡುಕಿದರೆ ತಾರೀಕಿನ ಸಮೇತ ಸಿಗುತ್ತದೆ. ಇನ್ನು ವಿಂಡೋಸ್ 10 ಇಟ್ಟುಕೊಂಡವರು ಗಮನಿಸಿ: ಅದರ ಬೆಂಬಲ 2025ರ ಅಕ್ಟೋಬರ್ 14ಕ್ಕೆ ನಿಂತಿದೆ. ಹೆಚ್ಚುವರಿ ಸುರಕ್ಷತಾ ಅಪ್‌ಡೇಟ್‌ಗೆ ಹೆಸರು ನೋಂದಾಯಿಸಿದರೆ ಇನ್ನೊಂದು ವರ್ಷ ದಾಟಿಸಬಹುದು, ಅಷ್ಟೇ.

ಕಾಕಾನ ಫೋನನ್ನೂ ಅವತ್ತೇ ನೋಡಬೇಕಿತ್ತು. ನೋಡಲಿಲ್ಲ.

ಬೀಗರ ಊರಿಗೆ

ಲಕ್ಷ್ಮೇಶ್ವರದಲ್ಲಿ ಸೋಮೇಶ್ವರ ಗುಡಿಗೆ ಕೈಮುಗಿದು ಅತ್ತಿ ಮನೆಗೆ ಹೋದೆ. ಅತ್ತಿಯ ಫೋನಿನ ಬ್ಯಾಟರಿ ಮಧ್ಯಾಹ್ನಕ್ಕೇ ಮುಗಿಯುತ್ತಿತ್ತು. ಅದಕ್ಕಂತ ಯಾರೋ ಬ್ಯಾಟರಿ ಉಳಿಸುವ ಆ್ಯಪ್ ಹಾಕಿಕೊಟ್ಟಿದ್ದರು. ಪ್ರೈವಸಿ ಡ್ಯಾಶ್‌ಬೋರ್ಡ್ ತೆರೆದೆ. ಆಂಡ್ರಾಯ್ಡ್ 12ರಿಂದ ಈಚೆಗಿನ ಫೋನುಗಳ ಸೆಟ್ಟಿಂಗ್ಸ್‌ನಲ್ಲಿ ಪ್ರೈವಸಿ ಅಂತ ಹುಡುಕಿದರೆ ಸಿಗುತ್ತದೆ, ಯಾವ ಆ್ಯಪ್ ಯಾವಾಗ ಕ್ಯಾಮೆರಾ, ಮೈಕ್, ಲೊಕೇಶನ್ ಮುಟ್ಟಿತು ಅಂತ ಗಂಟೆಯ ಲೆಕ್ಕ ಕೊಡುತ್ತದೆ. ಬ್ಯಾಟರಿ ಉಳಿಸಬೇಕಾದ ಆ್ಯಪ್ ಬೆಳಗಿನಿಂದ ಲೊಕೇಶನ್ ಓದುತ್ತಲೇ ಇತ್ತು. ಬ್ಯಾಟರಿ ತಿನ್ನುತ್ತಿದ್ದದ್ದೂ ಅದೇ.

"ನನ್ನ ಫೋನಿನ್ಯಾಗ ಮುಚ್ಚಿಡೂವಂಥಾದ್ದು ಏನೈತಿ ಬಿಡೊ," ಅಂದರು ಅತ್ತಿ.

"ಅತ್ತಿ, ನಿಮ್ಮ ಫೋನಿನ್ಯಾಗ ನನ್ನ ನಂಬರ್ ಐತ್ರಿ. ತಂಗಿ ಫೋಟೋ ಅದಾವ್ರಿ. ಅವು ನಿಮ್ಮವಷ್ಟ ಅಲ್ಲಲ್ರಿ."

ಅತ್ತಿ ಸುಮ್ಮನಾದರು. ನಿವೃತ್ತ ಹೈಕೋರ್ಟ್ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರ ಹೆಸರು ಹೇಳಿದೆ. ನಮ್ಮ ಕರ್ನಾಟಕದವರು, ಎಂಬತ್ತು ದಾಟಿದ ವಯಸ್ಸಿನಲ್ಲಿ, 2012ರಲ್ಲಿ, ಆಧಾರ್ ಪ್ರಶ್ನಿಸಿ ಸುಪ್ರೀಂ ಕೋರ್ಟಿಗೆ ಹೋದರು. ಅದೇ ಪ್ರಕರಣದಲ್ಲಿ 2017ರ ಆಗಸ್ಟ್ 24ರಂದು ಒಂಬತ್ತು ನ್ಯಾಯಮೂರ್ತಿಗಳು ಒಮ್ಮತದಿಂದ, ಖಾಸಗಿತನ ಮೂಲಭೂತ ಹಕ್ಕು ಅಂದರು. ಅತ್ತಿಗೆ ಅದಕ್ಕಿಂತ ಬ್ಯಾಟರಿ ಸಂಜೆಯವರೆಗೆ ಉಳಿಯುವುದು ಮುಖ್ಯವಾಗಿತ್ತು. ಆ್ಯಪ್ ತೆಗೆದೆ, ಎರಡೂ ಆದವು.

ಶಿರಹಟ್ಟಿಯಲ್ಲಿ ದೊಡ್ಡ ಕೆಲಸ ಇರಲಿಲ್ಲ. ಮಾವನ ಲ್ಯಾಪ್‌ಟಾಪಿನ ಸಿ ಡ್ರೈವ್ ತುಂಬಿ ನಿಧಾನವಾಗಿತ್ತು, ಡೌನ್‌ಲೋಡ್ಸ್ ಖಾಲಿ ಮಾಡಿ ಮುಂದೆ ಹೊರಟೆ.

ಮುಂಡರಗಿಯಲ್ಲಿ ಸೋದರಮಾವನ ಮಗ ಎಲ್ಲರ ಮುಂದೆ ಫೋನ್ ಕೊಡಲಿಲ್ಲ. ಕಾರಿನ ತನಕ ಬಂದು, ಒಳಗೆ ಕೂತು, ಬಾಗಿಲು ಹಾಕಿಕೊಂಡು ಕೊಟ್ಟ. ಉಳ್ಳಾಗಡ್ಡಿಯ ರೇಟು ಬಿದ್ದ ಸಮಯದಲ್ಲಿ ಒಂದು ಸಾಲದ ಆ್ಯಪ್‌ನಿಂದ ಎಂಟು ಸಾವಿರ ತೆಗೆದಿದ್ದ. ಕೈಗೆ ಬಂದದ್ದು ಐದು ಸಾವಿರದ ಇನ್ನೂರು, ಏಳು ದಿನಕ್ಕೆ ಎಂಟು ಸಾವಿರ ಕಟ್ಟಬೇಕು. ಕಟ್ಟಿದ್ದ. ಆದರೂ ಇನ್ನೂ ಬಾಕಿ ಅಂತ ಮೆಸೇಜ್. ಅವನ ಕಾಲೇಜಿನ ಮೇಷ್ಟ್ರಿಗೆ, ಹೆಂಡತಿಯ ಅಣ್ಣನಿಗೆ, ಟ್ರ್ಯಾಕ್ಟರ್ ಬಾಡಿಗೆ ಕೊಡುವವನಿಗೆ ಕರೆ ಹೋಗಿತ್ತು. ಆ್ಯಪ್ ಹಾಕುವಾಗ ಕಾಂಟ್ಯಾಕ್ಟ್ಸ್‌ಗೆ ಅನುಮತಿ ಕೇಳಿತ್ತು, ಇವನು ಅಲೋ ಒತ್ತಿದ್ದ. ಅಲ್ಲಿದ್ದ ಆರುನೂರು ಜನ ಅವನಿಗೆ ಗೊತ್ತಿಲ್ಲದಂತೆ ಜಾಮೀನುದಾರರಾಗಿಬಿಟ್ಟಿದ್ದರು.

ನನಗೆ ಕಣಗಿನಹಾಳ ನೆನಪಾಯಿತು. ನಮ್ಮ ಗದಗ ತಾಲೂಕಿನ ಆ ಹಳ್ಳಿಯಲ್ಲಿ 1905ರಲ್ಲಿ ಸಿದ್ದನಗೌಡ ಪಾಟೀಲರು ಸಹಕಾರಿ ಸಾಲದ ಸಂಘ ಕಟ್ಟಿದರು, ದೇಶದ ಮೊದಲ ಕೃಷಿ ಪತ್ತಿನ ಸಹಕಾರಿ ಸಂಘ ಅದು. ಅಲ್ಲೂ ಸಾಲಕ್ಕೆ ಆಧಾರ ನೆರೆಹೊರೆಯವರ ಪರಿಚಯವೇ. ಆದರೆ ಅಲ್ಲಿ ನಿನಗೆ ನಾನು ಆಗುತ್ತೇನೆ ಅಂತ ಹೊಣೆ ಹೊರುವವನು ತಾನೇ ಮುಂದೆ ಬರುತ್ತಿದ್ದ. ಇಲ್ಲಿ ಫೋನ್‌ಬುಕ್ ಕದ್ದು ಹೊಣೆ ಹೊರಿಸುತ್ತಾರೆ.

ರಿಸರ್ವ್ ಬ್ಯಾಂಕ್ 2022ರ ಸೆಪ್ಟೆಂಬರ್‌ನಲ್ಲೇ ಸಾಲದ ಆ್ಯಪ್‌ಗಳು ಕಾಂಟ್ಯಾಕ್ಟ್ಸ್, ಕಾಲ್ ಲಾಗ್, ಫೋಟೋ ಫೈಲುಗಳನ್ನು ಮುಟ್ಟಬಾರದು ಅಂತ ನಿಯಮ ಮಾಡಿದೆ. ಗೂಗಲ್ ಪ್ಲೇ ಕೂಡ 2023ರ ಮೇ 31ರಿಂದ ಅದನ್ನು ನಿಷೇಧಿಸಿದೆ. ಹಾಗಾಗಿ ಸಾಲದ ಆ್ಯಪ್ ಒಂದು ಕಾಂಟ್ಯಾಕ್ಟ್ಸ್ ಕೇಳಿದರೆ ಬೇರೇನೂ ಪರೀಕ್ಷೆ ಬೇಡ, ಅದು ಕಳ್ಳರದ್ದೇ. ನಿಜವಾದ ಸಂಸ್ಥೆಗಳ ಆ್ಯಪ್‌ಗಳ ಪಟ್ಟಿ 2025ರ ಜುಲೈನಿಂದ ರಿಸರ್ವ್ ಬ್ಯಾಂಕಿನ ವೆಬ್‌ಸೈಟಿನಲ್ಲಿದೆ. ಅವನ ಆ್ಯಪ್ ಅದರಲ್ಲಿ ಇರಲಿಲ್ಲ. ಬೆದರಿಕೆಯ ಮೆಸೇಜುಗಳ ಸ್ಕ್ರೀನ್‌ಶಾಟ್ ಮೊದಲು ತೆಗೆದು, ಆಮೇಲೆ ಆ್ಯಪ್ ಅಳಿಸಿದೆವು. ಅಳಿಸಿದರೆ ಹೋದ ನಂಬರುಗಳು ವಾಪಸ್ ಬರುವುದಿಲ್ಲ, ಅದನ್ನೂ ಹೇಳಿದೆ. ಇನ್ನೊಂದು ರೂಪಾಯಿ ಕಟ್ಟಬೇಡ, ಗದಗಿನ ಸೆನ್ ಠಾಣೆಗೆ ಹೋಗಿ ದೂರು ಕೊಡು, ನಾನೂ ಬರ್ತೀನಿ ಅಂದೆ. ಸಾಲ ವಸೂಲಿಯ ಕಿರುಕುಳಕ್ಕೆಂದೇ ನಮ್ಮ ರಾಜ್ಯ 2025ರ ಫೆಬ್ರವರಿಯಲ್ಲಿ ಸುಗ್ರೀವಾಜ್ಞೆ ತಂದದ್ದೂ ಅವನಿಗೆ ಗೊತ್ತಿರಲಿಲ್ಲ.

"ಅಪ್ಪಗ ಹೇಳಬ್ಯಾಡ," ಅಂದ. ಅಷ್ಟರಲ್ಲಿ ನನ್ನ ಫೋನ್ ಬಡಿಯಿತು. ಕಾಕಾ.

ಐದು ಗಂಟೆಯ ಕರೆ

"ತಮ್ಮಾ, ಪೇಪರಿನ ಅಂಗಡಿಗೆ ರೊಕ್ಕ ಹಾಕಾಕ ಹೋದ್ನಿ. ಬ್ಯಾಲೆನ್ಸ್ ಇಲ್ಲ ಅಂತೈತಿ."

ಖಾತೆಯಿಂದ ಎರಡು ಸಲ, ಒಟ್ಟು ನಲವತ್ತಾರು ಸಾವಿರ ಹೋಗಿತ್ತು. ಲಗ್ನದ ಸೀಸನ್ನಿನ ಅಡ್ವಾನ್ಸ್ ದುಡ್ಡು. ಒಂದೂ ಮೆಸೇಜ್ ಬಂದಿರಲಿಲ್ಲ.

"ಕಾಕಾ, ಇವತ್ತ ಯಾವುದರ ಫೈಲ್ ತೆಗದ್ರೇನ?"

ಸ್ವಲ್ಪ ಹೊತ್ತು ಸುಮ್ಮನಿದ್ದರು. ಬೆಳಿಗ್ಗೆ ಪರಿಚಯದ ಗಿರಾಕಿಯೊಬ್ಬರ ನಂಬರಿನಿಂದ ವಾಟ್ಸ್ಯಾಪಿನಲ್ಲಿ ಲಗ್ನಪತ್ರಿಕೆ ಬಂದಿತ್ತು. ಯಾರ ಪತ್ರಿಕೆ ಬಂದರೂ ಬಾರ್ಡರ್ ಹೇಗಿದೆ, ಅಕ್ಷರ ಯಾವುದು ಅಂತ ನೋಡುವುದು ಅವರ ಚಟ. ಒತ್ತಿದ್ದರು. ಅದು ಫೋಟೋ ಅಲ್ಲ, ಪಿಡಿಎಫ್ ಅಲ್ಲ. ಹೆಸರಿನ ಕೊನೆಗೆ ಎಪಿಕೆ ಅಂತ ಇತ್ತು. ಅಂದರೆ ಅದು ಆ್ಯಪ್. ಇಂಥ ಪತ್ರಿಕೆಗಳ ಬಗ್ಗೆ 2024ರ ನವೆಂಬರ್‌ನಲ್ಲಿ ಹಿಮಾಚಲ ಪ್ರದೇಶದ ಸೈಬರ್ ಪೊಲೀಸರು ಎಚ್ಚರಿಸಿದ್ದರು.

ಫೋನಿನಲ್ಲೇ ಹೇಳಿದೆ: ನಿಮ್ಮ ಫೋನನ್ನು ಏರೋಪ್ಲೇನ್ ಮೋಡಿಗೆ ಹಾಕಿ, ವೈಫೈ ಕೂಡ ಬಂದ್. ಚಿಗವ್ವನ ಫೋನಿನಿಂದ 1930ಕ್ಕೆ ಕರೆ ಮಾಡಿ. ಆಮೇಲೆ ಎಟಿಎಂ ಕಾರ್ಡಿನ ಹಿಂದೆ ಇರುವ ಬ್ಯಾಂಕಿನ ನಂಬರಿಗೆ. ಅಂತರ್ಜಾಲದಲ್ಲಿ ಬ್ಯಾಂಕಿನ ನಂಬರ್ ಹುಡುಕಬೇಡಿ, ಅಲ್ಲೂ ನಕಲಿ ನಂಬರ್ ಇರುತ್ತವೆ. ಕೇಂದ್ರ ಗೃಹ ಇಲಾಖೆಯ ಈ 1930 ಸಹಾಯವಾಣಿಯಲ್ಲಿ ದೂರು ದಾಖಲಾದರೆ ಹಣ ಯಾವ ಖಾತೆಗೆ ಹೋಯಿತೋ ಆ ಬ್ಯಾಂಕಿಗೆ ಸೂಚನೆ ಹೋಗುತ್ತದೆ. ಕಳ್ಳರು ಅದನ್ನು ಮುಂದಿನ ಖಾತೆಗೆ ದಾಟಿಸುವ ಮೊದಲು ತಡೆಯುವ ಓಟ ಅದು, ಇಲ್ಲಿ ನಿಮಿಷಗಳಿಗೆ ಬೆಲೆ ಇದೆ.

ರಾತ್ರಿ ಬೆಟಗೇರಿಗೆ ಬಂದು ಫೋನನ್ನು ಸೇಫ್ ಮೋಡಿನಲ್ಲಿ ತೆರೆದೆ. ಪವರ್ ಆಫ್ ಅನ್ನೋ ಗುರುತನ್ನು ಒತ್ತಿ ಹಿಡಿದರೆ ಬಹಳ ಫೋನುಗಳಲ್ಲಿ ಆ ಆಯ್ಕೆ ಬರುತ್ತದೆ, ಆಗ ಹೊರಗಿನ ಆ್ಯಪ್ ಯಾವುದೂ ನಡೆಯುವುದಿಲ್ಲ. ಆ್ಯಪ್ ತನ್ನ ಚಿತ್ರ ಅಡಗಿಸಿಕೊಂಡಿತ್ತು. ಸೆಟ್ಟಿಂಗ್ಸ್‌ನ ಪೂರ್ತಿ ಪಟ್ಟಿಯಲ್ಲಿ ಸಿಕ್ಕಿತು. ಎಸ್‌ಎಂಎಸ್ ಓದುವ, ಕಳಿಸುವ ಅನುಮತಿ ಎರಡೂ ಅದಕ್ಕಿದ್ದವು. ಬ್ಯಾಂಕಿನ ಮೆಸೇಜ್ ಕಾಕಾನ ಕಣ್ಣಿಗೆ ಬೀಳದಂತೆ ನೋಡಿಕೊಂಡದ್ದು ಅದೇ.

ಆದರೆ ಓಟಿಪಿ ಒಂದರಿಂದಲೇ ದುಡ್ಡು ಹೋಗುವುದಿಲ್ಲ. ಮತ್ತೆ ಕೇಳಿದೆ. ಚಿಗವ್ವ ಒಳಗೆ ಹೋದ ಮೇಲೆ ಕಾಕಾ ಸಣ್ಣ ದನಿಯಲ್ಲಿ ಹೇಳಿದರು, "ಪತ್ರಿಕಿ ನೋಡಾಕ ಕಾರ್ಡಿನ ಕೊನೇ ಆರು ಅಂಕಿ, ಮತ್ತ ತಾರೀಕು ಕೇಳ್ತು. ಹಾಕೀನಿ." ಆರು ಅಂಕಿ, ಕಾರ್ಡ್ ಮುಗಿಯುವ ತಿಂಗಳು-ವರ್ಷ, ಜೊತೆಗೆ ಓಟಿಪಿ. ಹೊಸ ಯುಪಿಐ ಪಿನ್ ಮಾಡಲು ಇಷ್ಟೇ ಸಾಕು. ಅಲ್ಲಿಗೆ ಸರಪಳಿ ಪೂರ್ತಿಯಾಯಿತು.

ಇಲ್ಲ, ಇನ್ನೊಂದು ಕೊಂಡಿ ಇತ್ತು, ಅದು ನನ್ನದು. ವಾಟ್ಸ್ಯಾಪಿನಿಂದ ಎಪಿಕೆ ಒತ್ತಿದರೆ ಆಂಡ್ರಾಯ್ಡ್ ಸುಮ್ಮನೆ ಬಿಡುವುದಿಲ್ಲ. ಅಪರಿಚಿತ ಮೂಲದ ಆ್ಯಪ್ ಹಾಕಲು ಬೇರೆಯೇ ಅನುಮತಿ ಬೇಕು. ಹಿಂದಿನ ದೀಪಾವಳಿಗೆ ಬಂದಾಗ ಡಿಸೈನಿನ ಒಂದು ಆ್ಯಪ್‌ನ ಹಳೆಯ ಆವೃತ್ತಿ ಬೇಕು ಅಂದಿದ್ದರು ಕಾಕಾ. ನಾನೇ ವಾಟ್ಸ್ಯಾಪಿನಲ್ಲಿ ಕಳಿಸಿ, ಆ ಅನುಮತಿ ಕೊಟ್ಟು, ಹಾಕಿಕೊಟ್ಟಿದ್ದೆ. ವಾಪಸ್ ತೆಗೆಯುವುದು ಮರೆತಿದ್ದೆ. ಬೀಗ ತೆರೆದಿಟ್ಟು ಬೆಂಗಳೂರಿಗೆ ಹೋದವನು ನಾನು. ನೀವೂ ಮನೆಯವರ ಫೋನಿನಲ್ಲಿ ಇಂಥದ್ದೇನಾದರೂ ಮಾಡಿದ್ದರೆ ಸೆಟ್ಟಿಂಗ್ಸ್‌ನಲ್ಲಿ ಇನ್‌ಸ್ಟಾಲ್ ಅನ್‌ನೋನ್ ಆ್ಯಪ್ಸ್ ಅಂತ ಹುಡುಕಿ, ವಾಟ್ಸ್ಯಾಪ್, ಕ್ರೋಮ್, ಫೈಲ್ಸ್ ಮೂರರ ಮುಂದೆಯೂ ಅದು ಬಂದ್ ಇದೆಯೇ ನೋಡಿ. ಜೊತೆಗೆ ಅಕ್ಸೆಸಿಬಿಲಿಟಿ ಪಟ್ಟಿಯಲ್ಲಿ ಗೊತ್ತಿಲ್ಲದ ಹೆಸರು ಇದೆಯೇ, ಎಸ್‌ಎಂಎಸ್ ಅನುಮತಿ ಯಾರ್ಯಾರಿಗೆ ಇದೆ, ಇಷ್ಟು ನೋಡಲು ಐದು ನಿಮಿಷ ಸಾಕು. ಕರೆಗಳನ್ನು ಬೇರೆ ನಂಬರಿಗೆ ತಿರುಗಿಸಿದ್ದರೆ ##002# ಒತ್ತಿದರೆ ರದ್ದಾಗುತ್ತದೆ.

ಫೋಟೋಗಳನ್ನು ತೆಗೆದಿಟ್ಟು ಫೋನನ್ನು ಫ್ಯಾಕ್ಟರಿ ರೀಸೆಟ್ ಮಾಡಿದೆ. ಬ್ಯಾಂಕಿನಲ್ಲಿ ಕಾರ್ಡ್ ಬದಲಾಯಿತು. ಮರುದಿನ ಸೆನ್ ಠಾಣೆಗೆ ಕಾಕಾ ಮತ್ತು ಮಾವನ ಮಗ ಇಬ್ಬರನ್ನೂ ಒಂದೇ ಕಾರಿನಲ್ಲಿ ಕರೆದುಕೊಂಡು ಹೋದೆ. ದಾರಿಯಲ್ಲಿ ಇಬ್ಬರೂ ಒಬ್ಬರಿಗೊಬ್ಬರು ಯಾಕೆ ಹೊರಟಿದ್ದೇವೆ ಅಂತ ಹೇಳಲಿಲ್ಲ, ಠಾಣೆಯ ಬೆಂಚಿನ ಮೇಲೆ ಕೂತಾಗ ಹೇಳಿಕೊಂಡರು.

ಎರಡನೇ ಸಲ ಹೋದ ಇಪ್ಪತ್ತೊಂದು ಸಾವಿರ ಮುಂದಿನ ಖಾತೆಯಲ್ಲಿ ತಡೆಯಾಗಿತ್ತು, ವಾಪಸ್ ಬರಲು ಎರಡು ತಿಂಗಳು ಹಿಡಿಯಿತು. ಮೊದಲ ಇಪ್ಪತ್ತೈದು ಸಾವಿರ ಇನ್ನೂ ಬಂದಿಲ್ಲ. ತಂಗಿಯ ಮದುವೆ ಚೆನ್ನಾಗಿ ಆಯಿತು. ಕಾಕಾ ಈಗ ಗಿರಾಕಿಗಳಿಗೆ ವಾಟ್ಸ್ಯಾಪಿಗೆಂದು ಕೊಡುವ ಪ್ರತಿ ಪತ್ರಿಕೆಯ ಕೆಳಗೆ, ತಮ್ಮ ಅಂಗಡಿಯ ಹೆಸರು ಇರುತ್ತಿದ್ದ ಜಾಗದಲ್ಲಿ, ಸಣ್ಣ ಅಕ್ಷರದಲ್ಲಿ ಒಂದು ಸಾಲು ಸೇರಿಸುತ್ತಾರೆ: "ನಮ್ಮ ಪತ್ರಿಕೆ ಫೋಟೋ ಆಗಿ ಮಾತ್ರ ಬರುತ್ತದೆ."